ಹಳೇ ಟ್ರ್ಯಾಕ್ಟರ್: ಮಾಡೆಲ್ ನೋಡಬೇಕೋ, ಮೀಟರ್ ನೋಡಬೇಕೋ?

ಕೋಲಾರ, ಚಿಂತಾಮಣಿ, ಗೌರಿಬಿದನೂರು, ಶಿರಾ, ಯಾವ ಕಡೆ ಹೋದರೂ ಹಳೇ ಟ್ರ್ಯಾಕ್ಟರ್ ವ್ಯಾಪಾರ ಶುರುವಾಗುವುದು "ಯಾವ ಮಾಡೆಲ್?" ಅನ್ನುವ ಪ್ರಶ್ನೆಯಿಂದ. ಮಾಡೆಲ್ ಅಂದರೆ ಇಲ್ಲಿ ಕಂಪನಿಯ ಹೆಸರಲ್ಲ, ವರ್ಷ. 2016ಕ್ಕೆ ಒಂದು ರೇಟು, 2019ಕ್ಕೆ ಇನ್ನೊಂದು. ಎಷ್ಟು ಗಂಟೆ ಓಡಿದೆ (ಟ್ರ್ಯಾಕ್ಟರ್ ಮೀಟರ್ ತೋರಿಸುವುದು ಕಿಲೋಮೀಟರಲ್ಲ, ಎಂಜಿನ್ ಓಡಿದ ಗಂಟೆ) ಅನ್ನುವ ಮಾತು ಬರುವುದು ಟೀ ಕುಡಿದಾದ ಮೇಲೆ, ಅದೂ ನಾವೇ ಕೇಳಿದರೆ. "ಮೀಟರ್ ಕೇಬಲ್ ಕಟ್ಟಾಗಿದೆ ಅಣ್ಣ, ಗಾಡಿ ಮಾತ್ರ ಬೆಣ್ಣೆ" ಅನ್ನುವ ಉತ್ತರ ಎಲ್ಲ ತಾಲ್ಲೂಕಿನಲ್ಲೂ ಒಂದೇ.

ಬೆಲೆ ವರ್ಷಕ್ಕೆ ಯಾಕೆ ಅಂಟಿಕೊಂಡಿದೆ ಅಂದರೆ, ಫೈನಾನ್ಸ್‌ನವರು ಹಳೇ ಗಾಡಿಗೆ ಸಾಲ ಕೊಡುವುದು ವರ್ಷ ನೋಡಿ. ಇನ್ಶೂರೆನ್ಸ್‌ನವರು ಗಾಡಿಯ ಮೌಲ್ಯ ಬರೆಯುವುದೂ ವರ್ಷ ನೋಡಿ. ಗಾಡಿಗೆ ಹತ್ತು ವರ್ಷ ದಾಟಿತು ಅಂದರೆ ಸಾಲ ಸಿಗುವುದು ಕಷ್ಟ, ಕೈಯಲ್ಲಿ ಕಾಸಿರುವವನು ಮಾತ್ರ ಗಿರಾಕಿ, ಹಾಗಾಗಿ ಬೆಲೆ ಧೊಪ್ಪನೆ ಬೀಳುತ್ತದೆ. ಆದರೆ ಪಿಸ್ಟನ್ ರಿಂಗು, ಕ್ಲಚ್ ಪ್ಲೇಟು ಸವೆಯುವುದು ಓಡಿದ ಗಂಟೆಗೆ ತಕ್ಕಂತೆ. ವರ್ಷ ಜಾಸ್ತಿಯಾಗಿ ಗಂಟೆ ನಿಜವಾಗಿಯೂ ಕಡಿಮೆ ಇರುವ ಗಾಡಿ ಈ ಭಾಗದಲ್ಲಿ ಅದರ ಯೋಗ್ಯತೆಗಿಂತ ಅಗ್ಗಕ್ಕೆ ಸಿಗುತ್ತದೆ. ಆ "ನಿಜವಾಗಿಯೂ" ಅನ್ನುವುದನ್ನು ಕಂಡುಹಿಡಿಯುವುದೇ ಕೆಲಸ.

ಗಂಟೆ ಅಂದರೆ ಎಷ್ಟು?

ಕೃಷಿ ಇಂಜಿನಿಯರಿಂಗ್ ಲೆಕ್ಕಗಳಲ್ಲಿ ಟ್ರ್ಯಾಕ್ಟರಿನ ಆಯಸ್ಸನ್ನು 10 ವರ್ಷ, 10,000 ಗಂಟೆ ಎಂದು ಹಿಡಿಯುವುದು ವಾಡಿಕೆ. ಸ್ವಂತ ಹೊಲಕ್ಕಷ್ಟೇ ಇಟ್ಟುಕೊಂಡ ನಮ್ಮ ಕಡೆಯ ಗಾಡಿ ಈ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. 10 ಎಕರೆ ರಾಗಿ ಹೊಲ ತೆಗೆದುಕೊಳ್ಳಿ. 9 ಹಲ್ಲಿನ ಕಲ್ಟಿವೇಟರ್ ಎಕರೆಗೆ ಸುಮಾರು ಒಂದು ಗಂಟೆ. ಎರಡು ಸಲ ಹೊಡೆದರೆ 20 ಗಂಟೆ. ರೋಟವೇಟರ್ ಎಕರೆಗೆ ಒಂದೂಕಾಲು ಗಂಟೆ ಹಿಡಿದರೆ 12–13. ಬಿತ್ತನೆ, ಗೊಬ್ಬರ, ಒಕ್ಕಣೆ, ಹುಲ್ಲು ಸಾಗಣೆ ಎಲ್ಲ ಸೇರಿಸಿದರೂ ವರ್ಷಕ್ಕೆ 100 ಗಂಟೆ ದಾಟುವುದು ಕಷ್ಟ. ಟೊಮೆಟೊ, ಹಿಪ್ಪುನೇರಳೆ ಇದ್ದರೆ 200–300. ಬಾಡಿಗೆಗೆ ಬಿಟ್ಟ ಗಾಡಿಯಾದರೆ ವರ್ಷಕ್ಕೆ 700ರಿಂದ 1,000 ಸಲೀಸು.

ಹಾಗಾಗಿ 2014ರ ಗಾಡಿಯ ಮೀಟರ್ 1,900 ತೋರಿಸಿದರೆ ಅದು ಸುಳ್ಳೇ ಇರಬೇಕೆಂದಿಲ್ಲ. ಮೂರು ವರ್ಷದ ಗಾಡಿ 3,000 ಮುಟ್ಟಿದ್ದರೆ ಅದೂ ಆಶ್ಚರ್ಯವಲ್ಲ. ಮಾಲೀಕನಿಗೆ ಎಷ್ಟು ಜಮೀನಿದೆ, ಬಾಡಿಗೆಗೆ ಹೋಗುತ್ತಿತ್ತೇ ಅಂತ ಮೊದಲು ಕೇಳಿ. ಅವನ ಬಾಯಿಂದ ಬೇಡ, ಊರಿನ ಅಂಗಡಿಯಲ್ಲಿ ಕೇಳಿ.

ಮೀಟರನ್ನು ಎಷ್ಟು ನಂಬಬಹುದು

ಹಳೇ ಗಾಡಿಗಳ ಮೀಟರ್ ಕೇಬಲ್‌ನಿಂದ ತಿರುಗುವಂಥದ್ದು. ಅದನ್ನು ಗಡಿಯಾರ ಅಂದುಕೊಳ್ಳಬೇಡಿ, ಅದು ಎಣಿಸುವುದು ಎಂಜಿನ್ ಸುತ್ತುಗಳನ್ನು. ಕಂಪನಿ ಗೊತ್ತುಮಾಡಿದ ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ ಇಷ್ಟು ಸುತ್ತು, ಸಾಮಾನ್ಯವಾಗಿ 1,500ರಿಂದ 2,000ದ ನಡುವೆ) ಒಂದು ಗಂಟೆ ಓಡಿದರೆ ಮಾತ್ರ ಮೀಟರ್‌ನಲ್ಲಿ ಒಂದು ಗಂಟೆ ಏರುತ್ತದೆ. ಬೋರ್‌ವೆಲ್ ಹತ್ತಿರ ಟ್ಯಾಂಕರ್ ತುಂಬುವ ತನಕ 750 ಆರ್‌ಪಿಎಂನಲ್ಲಿ ಗಡಗಡ ಅಂತ ನಿಂತಿದ್ದರೆ ಗಂಟೆಗೆ ಅರ್ಧ ಗಂಟೆಯೋ, ಅದಕ್ಕೂ ಕಡಿಮೆಯೋ. ಎಲೆಕ್ಟ್ರಾನಿಕ್ ಮೀಟರ್ ಹಾಗಲ್ಲ, ಎಂಜಿನ್ ನಿಧಾನಕ್ಕೆ ಓಡಲಿ, ಜೋರಾಗಿ ಓಡಲಿ, ಗಂಟೆಗೆ ಗಂಟೆಯೇ. ಆದ್ದರಿಂದ ಕೇಬಲ್ ಮೀಟರಿನ 3,000ವನ್ನೂ ಡಿಜಿಟಲ್ ಮೀಟರಿನ 3,000ವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹಗುರ ಕೆಲಸದಲ್ಲೇ ಓಡಿದ ಗಾಡಿಯ ಕೇಬಲ್ ಮೀಟರ್ 3,000 ಅಂದರೆ ಗಡಿಯಾರದ ಲೆಕ್ಕದಲ್ಲಿ 4,000ದ ಹತ್ತಿರ ಇರಬಹುದು.

ಕೇಬಲ್ ಮೀಟರ್ ಜೀವಂತವಾಗಿದೆಯೇ ಎಂದು ನೋಡಲು ಆರು ನಿಮಿಷ ಸಾಕು. ಬಲತುದಿಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ. ಮೀಟರಿನ ಮೇಲೆ ಗುರುತಿರುವ ಆರ್‌ಪಿಎಂಗೆ ಆಕ್ಸಿಲರೇಟರ್ ಇಟ್ಟು, ಮೊಬೈಲಿನಲ್ಲಿ ಸಮಯ ಹಿಡಿದುಕೊಂಡರೆ ಆರು ನಿಮಿಷಕ್ಕೆ ಒಂದು ಅಂಕಿ ಉರುಳಬೇಕು. ಮುಳ್ಳು ಅಲ್ಲಾಡುತ್ತದೆ, ಅಂಕಿ ಉರುಳುವುದಿಲ್ಲ ಅಂದರೆ ಒಳಗಿನ ಗೇರ್ ಹೋಗಿದೆ. ಯಾವಾಗ ಹೋಯಿತು ಎಂದು ಯಾರೂ ಹೇಳಲಾರರು. ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿಳಿಚಿಕೊಂಡು ಮೀಟರ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಅದು ಹೊಸದು ಎಂದು ತಿಳಿಯಿರಿ. ಅಂಥ ಮೀಟರಿನ 600 ಗಂಟೆಗೆ ಯಾವ ಅರ್ಥವೂ ಇಲ್ಲ.

ಮೀಟರಿಗಿಂತ ಗಟ್ಟಿ ಸಾಕ್ಷಿಗಳು ಬೇರೆ ಇವೆ. ಎಷ್ಟೋ ಗಾಡಿಗಳಲ್ಲಿ ಎಂಜಿನ್ ಆಯಿಲ್ 250 ಗಂಟೆಗೊಮ್ಮೆ, ಗೇರ್‌ಬಾಕ್ಸ್–ಹೈಡ್ರಾಲಿಕ್ ಆಯಿಲ್ ಸುಮಾರು 1,000 ಗಂಟೆಗೊಮ್ಮೆ ಬದಲಾಗಬೇಕು. ಕಂಪನಿ ಸರ್ವಿಸ್ ಆಗಿದ್ದರೆ ಜಾಬ್ ಕಾರ್ಡಿನಲ್ಲಿ ತಾರೀಖು, ಗಂಟೆ ಎರಡೂ ಇರುತ್ತವೆ. ಬಿಲ್ಲು ಕಳೆದುಹೋಗಿದ್ದರೂ ಚಾಸಿಸ್ ನಂಬರ್ ಕೊಟ್ಟು ಡೀಲರ್ ಹತ್ತಿರ ಹಳೇ ದಾಖಲೆ ತೆಗೆಸಬಹುದು, ಮಾಲೀಕನನ್ನೂ ಜೊತೆಗೆ ಕರೆದುಕೊಂಡು ಹೋದರೆ ಸಲೀಸು. 2018ರಲ್ಲೇ 1,400 ಬರೆಸಿಕೊಂಡ ಗಾಡಿ ಈಗ 1,650 ತೋರಿಸುತ್ತಿದ್ದರೆ, ನಡುವಿನ ವರ್ಷಗಳು ಎಲ್ಲಿ ಹೋದವು ಎಂದು ಕೇಳಬೇಕು.

ಇನ್ನೊಂದು ದಾರಿ ಡೀಸೆಲ್. ಗಂಟೆ ಎಷ್ಟು ಎಂದರೆ ಕಡಿಮೆ ಹೇಳುವವನೂ ಡೀಸೆಲ್ ಖರ್ಚು ಎಷ್ಟು ಎಂದರೆ ಜಾಸ್ತಿ ಹೇಳುತ್ತಾನೆ! 45 ಎಚ್‌ಪಿ ಗಾಡಿ ಕಲ್ಟಿವೇಟರಿನಲ್ಲಿ ಗಂಟೆಗೆ 4–5 ಲೀಟರ್, ರೋಟವೇಟರಿನಲ್ಲಿ 5–6, ಟ್ರೈಲರಿನಲ್ಲಿ 3–4 ಲೀಟರ್ ಕುಡಿಯುತ್ತದೆ. ವರ್ಷಕ್ಕೆ 3,000 ಲೀಟರ್ ಹಾಕಿಸುತ್ತಿದ್ದೆ ಅಂದರೆ 700 ಗಂಟೆಗೆ ಮೋಸವಿಲ್ಲ.

ಮೂರನೆಯದು ಟೈರ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 3217 ಅಂದರೆ 2017ರ 32ನೇ ವಾರದಲ್ಲಿ ತಯಾರಾದದ್ದು. ಹಿಂದಿನ ಟೈರ್ ಹೊಲದ ಕೆಲಸದಲ್ಲಿ ಮೂರ್ನಾಲ್ಕು ಸಾವಿರ ಗಂಟೆ ಬಾಳುತ್ತದೆ, ಟಾರು ರಸ್ತೆಯಲ್ಲಿ ಅದಕ್ಕಿಂತ ಬೇಗ ಮುಗಿಯುತ್ತದೆ. 2015ರ ಗಾಡಿಗೆ 2015ರದೇ ಹಿಂದಿನ ಟೈರ್ ಇದ್ದು, ಹಲ್ಲು ಇನ್ನೂ ಅರ್ಧ ಉಳಿದಿದ್ದರೆ ಮೀಟರ್ ಕೆಟ್ಟಿದ್ದರೂ ಚಿಂತೆಯಿಲ್ಲ, ಗಾಡಿ ಓಡಿಲ್ಲ (ನಿಂತಲ್ಲೇ ಓಡುವ ಕಂಪ್ರೆಸರ್ ಗಾಡಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ). ಅದೇ 2019ರ ಗಾಡಿಗೆ 2022ರ ಟೈರ್ ಬಂದಿದ್ದರೆ ಒಂದು ಜೋಡಿ ಆಗಲೇ ಸವೆದು ಬಿದ್ದಿದೆ. "ಹೊಸ ಟೈರ್ ಹಾಕ್ಸಿದೀನಿ" ಅನ್ನುವುದು ಮಾರುವವನ ಪಾಲಿಗೆ ಹೆಗ್ಗಳಿಕೆ, ನಮಗೆ ಸುಳಿವು.

ಒಂದೇ ಗಂಟೆ, ಬೇರೆ ಬೇರೆ ಸವೆತ

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ವರ್ಷ–ಗಂಟೆ ಜಗಳದಲ್ಲಿ ಎಲ್ಲರೂ ಮರೆಯುವ ಮೂರನೇ ಲೆಕ್ಕ ಗಾಡಿ ಮಾಡಿದ ಕೆಲಸ.

ರೋಟವೇಟರ್ ಬಾಡಿಗೆಗೆ ಹೋದ ಗಾಡಿಯ ಎಂಜಿನ್ ದಿನವಿಡೀ ಭಾರದಲ್ಲಿ ಓಡಿರುತ್ತದೆ, ಅದೂ ಕೆಂಪು ಮಣ್ಣಿನ ಧೂಳಿನೊಳಗೆ. ಆಯಿಲ್ ಬಾತ್ ಏರ್ ಕ್ಲೀನರಿನ ಬಟ್ಟಲನ್ನು ಧೂಳಿನ ದಿನಗಳಲ್ಲಿ ದಿನಕ್ಕೊಮ್ಮೆ ಬಿಚ್ಚಿ ನೋಡಬೇಕು. ಬಾಡಿಗೆ ಡ್ರೈವರ್‌ಗೆ ಅಷ್ಟು ಪುರುಸೊತ್ತೆಲ್ಲಿ? ಬಟ್ಟಲು ಬಿಚ್ಚಿ: ತಳದಲ್ಲಿ ಕೆಸರು ಗಟ್ಟಿ ಕೂತಿದ್ದರೆ, ಏರ್ ಕ್ಲೀನರಿನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪಿನ ಒಳಗೆ ಬೆರಳಾಡಿಸಿದಾಗ ಕೆಂಪು ಪುಡಿ ಅಂಟಿದರೆ, ಆ ಧೂಳು ಲೈನರ್ (ಪಿಸ್ಟನ್ ಓಡಾಡುವ ಕೊಳವೆ), ರಿಂಗುಗಳನ್ನು ತಿಂದಿದೆ. ಕ್ಲಿಪ್ ಸಡಿಲವಾದ ಒಂದು ಪೈಪು ಸಾಕು, ಸಾವಿರ ಗಂಟೆಯ ಎಂಜಿನ್ ಕೂಡ ಬೋರ್ ಕೆಲಸಕ್ಕೆ (ಎಂಜಿನ್ ಬಿಚ್ಚಿ ಲೈನರ್, ಪಿಸ್ಟನ್ ಬದಲಿಸುವುದಕ್ಕೆ) ಬರುತ್ತದೆ.

ಕಂಪ್ರೆಸರ್ ಗಾಡಿ ಇನ್ನೂ ಮೋಸ. ಬಾವಿ, ಬಂಡೆ ಕೆಲಸಕ್ಕೆ ಕಂಪ್ರೆಸರ್ ಹೊತ್ತು ನಿಂತಲ್ಲೇ ಓಡಿದ ಗಾಡಿಯ ಟೈರ್ ಸವೆದಿರುವುದಿಲ್ಲ, ಗೇರ್‌ಬಾಕ್ಸ್ ನುಣುಪು, ಬ್ರೇಕ್ ಹೊಸದರಂತೆ. ಎಂಜಿನ್ ಮಾತ್ರ ಮುಗಿದಿರುತ್ತದೆ. ಚಾಸಿಸ್ ಮೇಲೆ ವೆಲ್ಡಿಂಗ್ ಮಾಡಿದ ಬ್ರಾಕೆಟ್ ಗುರುತು, ಹೊಸದಾಗಿ ಕೊರೆದ ತೂತು ಕಂಡರೆ ಎರಡು ಸಲ ಯೋಚಿಸಿ.

ನೀರಿನ ಟ್ಯಾಂಕರ್ ಗಾಡಿ ಅದಕ್ಕೆ ಉಲ್ಟಾ. 5,000 ಲೀಟರ್ ನೀರೇ 5 ಟನ್, ತೊಟ್ಟಿಯ ತೂಕ ಬೇರೆ. ಬೀದಿ ಬೀದಿಯಲ್ಲಿ ನಿಲ್ಲಿಸಿ ಎಳೆದು ಕ್ಲಚ್, ಬ್ರೇಕ್, ಗೇರ್ ಹಲ್ಲು ಹೋಗಿರುತ್ತವೆ. ಎಂಜಿನ್ ಪರವಾಗಿಲ್ಲ ಅನ್ನುವಂತಿರುತ್ತದೆ. ಮಾಲೂರು ಕಡೆ ಇಟ್ಟಿಗೆ, ಮಣ್ಣು ಎಳೆದದ್ದು, ಕ್ರಷರ್ ಜಲ್ಲಿ ಎಳೆದದ್ದು ಕೂಡ ಇದೇ ಜಾತಿ. ಟ್ರೈಲರ್ ಪಿನ್ನಿನ ತೂತು ನೋಡಿ. ಹೊಸದರಲ್ಲಿ ದುಂಡಗಿದ್ದದ್ದು ಮೊಟ್ಟೆಯಾಕಾರ ಆಗಿದ್ದರೆ ಗಾಡಿ ಬಾಳಿದ್ದು ರಸ್ತೆಯ ಮೇಲೆ.

ಕುಣಿಗಲ್ಲಿನ ಮಾರ್ಕೋನಹಳ್ಳಿ ಅಚ್ಚುಕಟ್ಟಿನಂಥ ಕಡೆ ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಗದ್ದೆಗಿಳಿದ ಗಾಡಿಯಾದರೆ ಹಿಂದಿನ ಆಕ್ಸಲ್ ಸೀಲು, ಬ್ರೇಕ್ ಹೌಸಿಂಗು, ಮುಂದಿನ ಹಬ್ಬಿನ ಬೇರಿಂಗು ಪರೀಕ್ಷಿಸಿ. ತಿಪಟೂರು, ಗುಬ್ಬಿ ಕಡೆಯ ತೆಂಗು–ಅಡಿಕೆ ತೋಟದ ಮಿನಿ ಟ್ರ್ಯಾಕ್ಟರ್‌ಗಳು ಹೆಚ್ಚಾಗಿ ನೆರಳಲ್ಲಿ, ಹಗುರ ಕೆಲಸದಲ್ಲಿ ಬಾಳಿದವು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಈ ಮೂರು ಜಿಲ್ಲೆಗಳಲ್ಲಿ ಕಣ್ಣುಮುಚ್ಚಿ ನಂಬಬಹುದಾದ ಹಳೇ ಗಾಡಿ ಇದ್ದರೆ ಇವೇ. ಆದರೂ ಕಣ್ಣು ಮುಚ್ಚಬೇಡಿ.

ವರ್ಷ ತಿನ್ನುವುದು ಏನನ್ನು?

ರಬ್ಬರನ್ನು. ಟೈರಿನ ಪಕ್ಕದ ಬಿರುಕು, ರೇಡಿಯೇಟರ್ ಹೋಸು, ಡೀಸೆಲ್ ಪೈಪು, ಫ್ಯಾನ್ ಬೆಲ್ಟು, ಒಣಗಿ ಗಟ್ಟಿಯಾದ ಆಯಿಲ್ ಸೀಲು. ಆಮೇಲೆ ಬ್ಯಾಟರಿ, ಇಲಿ ಕಡಿದ ವೈರಿಂಗು, ತುಕ್ಕು ಹಿಡಿದ ಡೀಸೆಲ್ ಟ್ಯಾಂಕ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇನ್ನೊಂದು ಸೇರಿಸಿಕೊಳ್ಳಿ: ರೇಡಿಯೇಟರಿನಲ್ಲಿ ಬೋರ್‌ವೆಲ್ಲಿನ ಗಡಸು ನೀರಿನ ಉಪ್ಪು. ಕ್ಯಾಪ್ ತೆಗೆದಾಗ ಒಳಬಾಯಿಗೆ ಬಿಳಿ ಪದರ ಕಟ್ಟಿದ್ದರೆ ಕೂಲೆಂಟ್ ಎಂಬುದನ್ನೇ ಆ ಗಾಡಿ ಕಂಡಿಲ್ಲ. ಎಂಜಿನ್ ಬ್ಲಾಕಿನ ನೀರಿನ ದಾರಿಯಲ್ಲೂ ಅದೇ ಪದರ ಕೂತಿರುತ್ತದೆ, ಬೇಸಿಗೆಯ ರೋಟವೇಟರ್ ಕೆಲಸದಲ್ಲಿ ಎಂಜಿನ್ ವಿಪರೀತ ಕಾಯುತ್ತದೆ.

ಇವುಗಳ ಗುಣ ಏನೆಂದರೆ ಎಲ್ಲವೂ ಕಣ್ಣಿಗೆ ಬೀಳುತ್ತವೆ, ಹಿಂದಿನ ಟೈರ್ ಬಿಟ್ಟರೆ ಯಾವುದೂ ದುಬಾರಿಯಲ್ಲ. 45 ಎಚ್‌ಪಿ ಗಾಡಿಯ 13.6–28 ಅಳತೆಯ ಹಿಂದಿನ ಟೈರ್ ಜೋಡಿಗೆ 40 ಸಾವಿರ ದಾಟುತ್ತದೆ. ಉಳಿದದ್ದೆಲ್ಲ ಸೇರಿ 25–30 ಸಾವಿರದಲ್ಲಿ ಮುಗಿಸಬಹುದು. ಗಂಟೆ ತಿನ್ನುವ ಭಾಗಗಳು ಒಳಗಿರುತ್ತವೆ, ಬಿಚ್ಚುವ ತನಕ ಗೊತ್ತಾಗುವುದಿಲ್ಲ. ಲೈನರ್, ಪಿಸ್ಟನ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಕೆಲಸ ಸೇರಿದ ಪೂರ್ತಿ ಬೋರ್ ಕೆಲಸಕ್ಕೆ 60 ಸಾವಿರದಿಂದ ಲಕ್ಷದವರೆಗೆ ಇಟ್ಟುಕೊಂಡಿರಬೇಕು.

ಪರೀಕ್ಷೆ ಮಾಡುವ ಕ್ರಮ

ಬೆಳಿಗ್ಗೆ ಹೋಗಿ. ಹೋದ ತಕ್ಷಣ ಸೈಲೆನ್ಸರಿನ ಬುಡ ಮುಟ್ಟಿ. ಬೆಚ್ಚಗಿದ್ದರೆ ಮಾರುವವನು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ, ಇನ್ನೊಂದು ದಿನ ಬರುತ್ತೇವೆ ಅನ್ನಿ. ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್, ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಒಳಗಿಳಿದಿದೆ: ಲೈನರ್ ಸೀಲೋ, ಹೆಡ್ ಗ್ಯಾಸ್ಕೆಟ್ಟೋ. ಸ್ಟಾರ್ಟ್ ಆದ ಕೂಡಲೇ ಬರುವ ಬಿಳಿ ಹೊಗೆ ಎರಡು ಮೂರು ನಿಮಿಷದಲ್ಲಿ ನಿಂತರೆ ಸರಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆಗೆ ಮಾತ್ರ ಹೆದರಬೇಡಿ, ನಾಝಲ್ (ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ಭಾಗ), ಏರ್ ಕ್ಲೀನರ್ ಸರಿಮಾಡಿದರೆ ಎಷ್ಟೋ ಸಲ ಹೋಗುತ್ತದೆ.

ಬೋರ್ ಸವೆತಕ್ಕೆ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆಗೆ ಕಾಸೂ ಬೇಡ, ಉಪಕರಣವೂ ಬೇಡ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಕ್ಯಾಪ್ ಬಿಚ್ಚಿ, ತಲೆಕೆಳಗಾಗಿ ತೂತಿನ ಮೇಲೆ ಸುಮ್ಮನೆ ಇಡಿ. ಸಣ್ಣಗೆ ನಡುಗಿದರೆ ಪರವಾಗಿಲ್ಲ. ಎಗರಿ ಬಿದ್ದರೆ, ಬುಸುಬುಸು ಹೊಗೆ ಬಂದರೆ ರಿಂಗಿನ ಪಕ್ಕದಿಂದ ಗಾಳಿ ಕೆಳಗಿಳಿಯುತ್ತಿದೆ. ಆ ಗಾಡಿ 1,500 ಗಂಟೆಯದು ಎಂದು ದೇವರ ಮೇಲೆ ಆಣೆ ಇಟ್ಟರೂ ಅದರ ಎಂಜಿನ್ 5,000ದ್ದು. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ಪ್ರೆಶರ್ ದೀಪ ಮಿಣುಕಿದರೆ ಬೇರಿಂಗ್ ಸಡಿಲ.

ಕ್ಲಚ್‌ಗೆ: ಬ್ರೇಕ್ ಒತ್ತಿ ಹಿಡಿದು ಮೇಲಿನ ಗೇರಿನಲ್ಲಿ ಕ್ಲಚ್ ನಿಧಾನ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಇಳಿಜಾರಿನಲ್ಲಿ ಪ್ರತಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟು ನೋಡಿ, ಗೇರ್ ತಾನಾಗಿ ಕಳಚಿಕೊಂಡರೆ ಹಲ್ಲು ಸವೆದಿದೆ. ಹೈಡ್ರಾಲಿಕ್‌ಗೆ ಕಲ್ಟಿವೇಟರ್ ಎತ್ತಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಸ್ವಲ್ಪ ಇಳಿಯುವುದು ಸಹಜ, ನೆಲ ಮುಟ್ಟಿದರೆ ಖರ್ಚಿದೆ. ಎಂಜಿನ್ ಓಡುವಾಗ ಎತ್ತಿದ ಕಲ್ಟಿವೇಟರ್ ಕ್ಷಣಕ್ಕೊಮ್ಮೆ ಇಳಿದು ಏರಿ ಕುಣಿದರೆ ವಾಲ್ವ್ ಅಥವಾ ಪಿಸ್ಟನ್ ಸೀಲು ಲೀಕ್. ಮುಂದಿನ ಆಕ್ಸಲನ್ನು ಜಾಕಿನಲ್ಲಿ ಎತ್ತಿ ಚಕ್ರವನ್ನು ಮೇಲೆ–ಕೆಳಗೆ ಅಲ್ಲಾಡಿಸಿದರೆ ಬೇರಿಂಗ್, ಕಿಂಗ್ ಪಿನ್. ಎಡ–ಬಲ ಅಲ್ಲಾಡಿಸಿದರೆ ಟೈ ರಾಡ್. ಆಕ್ಸಲನ್ನೇ ಹಿಂದೆ–ಮುಂದೆ ತಳ್ಳಿದರೆ ಸೆಂಟರ್ ಪಿನ್ ಬುಷ್ಷು ಗೊತ್ತಾಗುತ್ತವೆ. ಕೊನೆಗೆ ಹಿಂದೆ ಬಗ್ಗಿ ಪಿಟಿಒ ಶಾಫ್ಟಿನ (ರೋಟವೇಟರಿನಂಥವನ್ನು ತಿರುಗಿಸುವ ದಂಡದ) ಹಲ್ಲು ಸವರಿ. ಅಂಚು ಚೂಪಾಗಿ, ಒಂದು ಮಗ್ಗುಲು ಸವೆದಿದ್ದರೆ ವರ್ಷಾನುಗಟ್ಟಲೆ ರೋಟವೇಟರ್ ಓಡಿದೆ ಎಂದೇ ಅರ್ಥ. ಪೇಂಟ್ ಹೊಡೆಯುವವನು ಈ ಜಾಗಕ್ಕೆ ಕೈ ಹಾಕುವುದಿಲ್ಲ.

ಎಲ್ಲಿ ಕೊಳ್ಳುವುದು

ಈ ಭಾಗದಲ್ಲಿ ಮೂರು ಜಾಗ. ಕಂತು ಕಟ್ಟದವರಿಂದ ಹಿಡಿದು ತಂದ ಗಾಡಿ ನಿಲ್ಲಿಸುವ ಫೈನಾನ್ಸ್ ಕಂಪನಿಗಳ ಸೀಜಿಂಗ್ ಯಾರ್ಡ್ ಮೊದಲನೆಯದು. ವರ್ಷದಲ್ಲಿ ಎಳೆಯವು, ಎರಡು ಮೂರು ವರ್ಷದವು ಸಿಗುತ್ತವೆ, ಬೆಲೆಯೂ ಕಡಿಮೆ. ಆದರೆ ಕಂತು ಕಟ್ಟಲಾಗದವನು ಸರ್ವಿಸ್ ಎಲ್ಲಿ ಮಾಡಿಸಿರುತ್ತಾನೆ? ಸಾಲ ತೀರಿಸಲು ಹಗಲೂ ರಾತ್ರಿ ಬಾಡಿಗೆಗೆ ಓಡಿಸಿರುತ್ತಾನೆ. ಮೇಲಾಗಿ ತಿಂಗಳುಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತಿರುತ್ತವೆ, ಓಡಿಸಿ ನೋಡಲು ಬಿಡುವುದೂ ಅಪರೂಪ, ಇದ್ದ ಹಾಗೆ ಒಯ್ಯಬೇಕು. ಮೆಕ್ಯಾನಿಕ್ ಜೊತೆಗಿಲ್ಲದೆ ಇಲ್ಲಿಗೆ ಹೋಗಬೇಡಿ. ಅಂಕ ಕೊಡುವುದಾದರೆ ಐದಕ್ಕೆ ಎರಡು.

ಡೀಲರ್‌ಗಳ ಎಕ್ಸ್‌ಚೇಂಜ್ ಯಾರ್ಡ್‌ನಲ್ಲಿ ಕಾಗದಪತ್ರ ಸಾಮಾನ್ಯವಾಗಿ ಚೊಕ್ಕ, ಅದೇ ಕಂಪನಿಯ ಗಾಡಿಯಾದರೆ ಸರ್ವಿಸ್ ದಾಖಲೆ ಅಲ್ಲೇ ಸಿಗುತ್ತದೆ. ಬೆಲೆ ಜಾಸ್ತಿ, ಪೇಂಟೂ ಜಾಸ್ತಿ. ಐದಕ್ಕೆ ಮೂರೂವರೆ. ಮೂರನೆಯದು ರೈತನ ಮನೆಯಿಂದ ನೇರ. ಮಕ್ಕಳು ಬೆಂಗಳೂರು ಸೇರಿ, ಯಜಮಾನರಿಗೆ ಕೈಲಾಗದೆ ಶೆಡ್ಡಿನಲ್ಲಿ ನಿಂತಿರುವ ಗಾಡಿಗಳು ಈ ಮೂರೂ ಜಿಲ್ಲೆಗಳಲ್ಲಿವೆ. ವರ್ಷ ಜಾಸ್ತಿ, ಗಂಟೆ ಕಡಿಮೆ ಅನ್ನುವ ಗಾಡಿ ಸಿಗುವುದು ಇಲ್ಲೇ. ವರ್ಷಗಟ್ಟಲೆ ನಿಂತದ್ದಾದರೆ ಹಳೇ ಡೀಸೆಲ್ ಇಳಿಸಿ, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ, ಬ್ರೇಕ್ ಬಿಗಿದುಕೊಂಡಿದೆಯೇ ನೋಡಿಯೇ ಸ್ಟಾರ್ಟ್ ಮಾಡಬೇಕು. ಐದಕ್ಕೆ ನಾಲ್ಕು, ನಡುವೆ ಬ್ರೋಕರ್ ಇಲ್ಲದಿದ್ದರೆ ಇನ್ನರ್ಧ.

ಯಾವ ಗಾಡಿ

ಹಳೇದಾದರೂ ಧೈರ್ಯವಾಗಿ ಕೊಳ್ಳಬಹುದಾದದ್ದು ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲೇ ಸಿಗುವ, ಊರಿನ ಮೆಕ್ಯಾನಿಕ್ಕಿಗೆ ಕೈಬಂದ ಗಾಡಿ. ಮ್ಯಾಸಿ 1035 ಡಿಐ (36 ಎಚ್‌ಪಿ, 3 ಸಿಲಿಂಡರ್), ಮಹೀಂದ್ರ 475 ಮತ್ತು 575 ಡಿಐ (575 ಆದರೆ 45 ಎಚ್‌ಪಿ, 4 ಸಿಲಿಂಡರ್), ಸ್ವರಾಜ್ 735, 744 ಎಫ್‌ಇ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ 12 ವರ್ಷದ್ದು ಕೊಂಡರೂ ಭಾಗಕ್ಕೆ ಅಲೆಯಬೇಕಿಲ್ಲ. ಜಾನ್ ಡಿಯರ್ 5310ರಂಥ 55 ಎಚ್‌ಪಿಯ ಟರ್ಬೋ ಗಾಡಿಯಾದರೆ ಗಂಟೆಯ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಆ ಗಾತ್ರದ್ದನ್ನು ಜನ ಕೊಳ್ಳುವುದೇ ಬಾಡಿಗೆಗೆ, ಬಿಡಿಭಾಗದ ಬೆಲೆಯೂ ಮೇಲೆ.

50 ಎಚ್‌ಪಿ ಮೀರಿದ ಗಾಡಿಗಳಲ್ಲಿ ವರ್ಷಕ್ಕೆ ಬೇರೆಯೇ ಅರ್ಥವಿದೆ. 2023ರ ಜನವರಿ 1ರಿಂದ ಈ ಗಾತ್ರಕ್ಕೆ ಟ್ರೆಮ್ 4 ಹೊಗೆ ನಿಯಮ ಬಂತು, ಡೀಸೆಲನ್ನು ಭಾರೀ ಒತ್ತಡದಲ್ಲಿ ಕೊಡುವ ಕಾಮನ್ ರೈಲ್, ಸೆನ್ಸರ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಬಂದವು. ಇಂಥದ್ದನ್ನು ಹಳೇದಾಗಿ ಕೊಳ್ಳುವವರು ಸರ್ವಿಸ್ ಸೆಂಟರಿನ ಸ್ಕ್ಯಾನರ್ ಹಾಕಿಸಿ ಹಳೇ ದೋಷದ ಕೋಡ್, ಒಳಗಿನ ಗಂಟೆ ಎರಡನ್ನೂ ಓದಿಸಲು ಕೇಳಬೇಕು. ಡೀಸೆಲ್ ಕೊಳೆಯಾದರೆ ಇವುಗಳ ನಾಝಲ್ ಹಳೇ ಕಾಲದ ನಾಝಲ್‌ನಂತೆ ಅಗ್ಗದಲ್ಲಿ ಸರಿಹೋಗುವುದಿಲ್ಲ. ಸರಳ ಯಂತ್ರ ಬೇಕೆಂದರೆ 2022ರದೋ ಅದಕ್ಕೂ ಹಿಂದಿನದೋ ನೋಡುವುದು ಹಿಂದೆ ಬಿದ್ದ ಲಕ್ಷಣವೇನಲ್ಲ.

ಒಂದು ಜೋಡಿಯ ಲೆಕ್ಕ

45 ಎಚ್‌ಪಿಯ ಎರಡು ಗಾಡಿ ಇವೆ ಅಂದುಕೊಳ್ಳೋಣ. ಒಂದು 2020ರದು, 5,200 ಗಂಟೆ, ರೋಟವೇಟರ್ ಬಾಡಿಗೆ, ಕೇಳುವ ಬೆಲೆ 4.75 ಲಕ್ಷ. ಇನ್ನೊಂದು 2014ರದು, 2,000 ಗಂಟೆ, ಸ್ವಂತ ಹೊಲ, 3.25 ಲಕ್ಷ. ಮೊದಲನೆಯದಕ್ಕೆ ಒಂದೆರಡು ವರ್ಷದಲ್ಲಿ ಬೋರ್ ಕೆಲಸ 80 ಸಾವಿರ, ಕ್ಲಚ್ 15–20 ಸಾವಿರ, ಪಂಪ್–ನಾಝಲ್ 10–15 ಸಾವಿರ, ಹಿಂದಿನ ಟೈರ್ 40 ಸಾವಿರ ಹಿಡಿದರೆ ಒಟ್ಟು 6.25 ಲಕ್ಷ ಮುಟ್ಟುತ್ತದೆ. ಎರಡನೆಯದಕ್ಕೆ ಬ್ಯಾಟರಿ, ಹೋಸು, ಸೀಲು, ಎಲ್ಲ ಆಯಿಲ್, ವೈರಿಂಗ್ 30 ಸಾವಿರ. ಟೈರ್ ಬಿರುಕು ಬಿಟ್ಟಿದ್ದರೆ ಇನ್ನೊಂದು 40 ಸಾವಿರ. 4 ಲಕ್ಷದೊಳಗೆ ಮುಗಿಯುತ್ತದೆ, ವರ್ಷಕ್ಕೆ 200 ಗಂಟೆಯಂತೆ ಓಡಿಸಿದರೆ ಹತ್ತು ವರ್ಷದ ಮೇಲೂ 4,000 ಗಂಟೆ. ಸ್ವಂತ ಹೊಲದವರಿಗೆ ಎರಡನೆಯದೇ, ಅನುಮಾನವಿಲ್ಲ. ಮರುಮಾರಾಟದಲ್ಲಿ ಮೊದಲನೆಯದು ಜಾಸ್ತಿ ತರುತ್ತದೆ ನಿಜ, ಆದರೆ ಎರಡು ಲಕ್ಷದಷ್ಟು ಜಾಸ್ತಿ ತರುವುದಿಲ್ಲ.

ಬಾಡಿಗೆಗೆ ವರ್ಷಕ್ಕೆ 800 ಗಂಟೆ ಓಡಿಸುವವರಿಗೆ ಎರಡೂ ಬೇಡ. ಅವರು 3–5 ವರ್ಷದ, 2,500 ಗಂಟೆಯೊಳಗಿನ, ಸರ್ವಿಸ್ ಬಿಲ್ ಇರುವ ಗಾಡಿ ಹುಡುಕಬೇಕು. ಸೀಜನ್ ನಡುವೆ ಒಂದು ವಾರ ಗಾಡಿ ನಿಂತರೆ ಆಗುವ ನಷ್ಟದ ಮುಂದೆ ಬೆಲೆಯ ವ್ಯತ್ಯಾಸ ಚಿಕ್ಕದು.

ಕಾಗದದ ವಯಸ್ಸು

ವರ್ಷ ನಿಜವಾಗಿ ಕಚ್ಚುವುದು ಆರ್‌ಟಿಒ ಕಚೇರಿಯಲ್ಲಿ. ಕೃಷಿ ಟ್ರ್ಯಾಕ್ಟರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ, ಫಾರಂ 25 ಕೊಟ್ಟು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. 14 ವರ್ಷದ ಗಾಡಿ ಕೊಳ್ಳುವವರು ಈ ಖರ್ಚು ಓಡಾಟವನ್ನು ಬೆಲೆಯಲ್ಲೇ ಕಳೆಯಬೇಕು. ಆರ್‌ಸಿಯಲ್ಲಿ ತಯಾರಾದ ತಿಂಗಳು ಬೇರೆ, ನೋಂದಣಿ ದಿನ ಬೇರೆ ಇರುತ್ತದೆ. 2018ರಲ್ಲಿ ತಯಾರಾಗಿ ಶೋರೂಮಿನಲ್ಲಿ ನಿಂತು 2019ರಲ್ಲಿ ನೋಂದಣಿಯಾದದ್ದನ್ನು "19ರ ಮಾಡೆಲ್" ಅಂತಲೇ ಮಾರುತ್ತಾರೆ. ಎಂಜಿನ್, ಚಾಸಿಸ್ ನಂಬರ್ ಕಣ್ಣಾರೆ ಓದಿ ಆರ್‌ಸಿಗೆ ತಾಳೆ ನೋಡಿ. ಟ್ರೈಲರಿಗೆ ಬೇರೆ ಆರ್‌ಸಿ ಇರುತ್ತದೆ, ಮರೆಯಬೇಡಿ.

ಸಾಲದ ಗುರುತು ಆರ್‌ಸಿಯಲ್ಲಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕೇ ಬೇಕು. ಹಕ್ಕು ವರ್ಗಾವಣೆಗೆ ಫಾರಂ 29, 30. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಆಂಧ್ರದ ಗಾಡಿ ಅಗ್ಗ ಅಂತ ತರುವುದುಂಟು. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬಂದು, ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂದು ಕೇಳಿಕೊಳ್ಳುವ ತನಕ ಮುಂಗಡ ಕೊಡಬೇಡಿ. ಸಬ್ಸಿಡಿಯಲ್ಲಿ ಕೊಂಡ ಮಿನಿ ಟ್ರ್ಯಾಕ್ಟರ್ ಆದರೆ ಮಾರಲು ಷರತ್ತು ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕರಾರು ಪತ್ರದಲ್ಲಿ ಎಂಜಿನ್ ನಂಬರ್, ಚಾಸಿಸ್ ನಂಬರ್ ಜೊತೆಗೆ ಅಂದಿನ ಮೀಟರ್ ಗಂಟೆಯನ್ನೂ ಬರೆಸಿ, ಮೀಟರ್ ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆಸಿ. ಆರ್‌ಸಿ ಹೆಸರು ಬದಲಾಗುವ ತನಕ 20–25 ಸಾವಿರ ಹಿಡಿದುಕೊಳ್ಳುವ ಮಾತನ್ನು ಟೋಕನ್ ಕೊಡುವ ಮೊದಲೇ ಆಡಿ. ಮನೆಗೆ ತಂದ ದಿನವೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಕ್ಲೀನರ್ ಆಯಿಲ್ ಬದಲಿಸಿ, ಗಂಟೆಯನ್ನು ಫೆಂಡರಿನ ಒಳಮಗ್ಗುಲಲ್ಲಿ ಮಾರ್ಕರಿನಿಂದ ಬರೆದಿಡಿ. ಹಳೇ ಎಂಜಿನ್ ಆಯಿಲನ್ನು ಬಟ್ಟೆಯಲ್ಲಿ ಸೋಸಿ ನೋಡಿ: ಹಳದಿ, ಬೆಳ್ಳಿ ಬಣ್ಣದ ಮಿನುಗು ಪುಡಿ ಉಳಿದರೆ ಬೇರಿಂಗ್ ಸವೆಯುತ್ತಿದೆ. ಹಾಗೇನಾದರೂ ಕಂಡರೆ ಬಾಕಿ ದುಡ್ಡು ಇನ್ನೂ ಕೈಯಲ್ಲಿರುವಾಗಲೇ ಮಾರಿದವನಿಗೆ ಫೋನ್ ಮಾಡಿ.